ಜಿಂಕೆಗಳ ಬೇಲಿ

ಹಳೆಯ ಕಂಬಳಿಯ ಘಾಟು ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಮೈಸೂರೇ ನೆನಪಾಗುತ್ತದೆ.

ಅಜ್ಜನ ಮೊಣಕಾಲು ಸೋತವೆಂದು ಅಪ್ಪ ಕುರಿಹಿಂಡು ಮಾರಿಸಿದ್ದ. ಅಂದಿನಿಂದ ಅಜ್ಜ ಮಾತೇ ಬಿಟ್ಟಿದ್ದ. ಮನಸ್ಸು ಹಗುರಾದೀತೆಂದು ಅಪ್ಪ ಕೂಡ್ಲಿಗಿಯಿಂದ ನಮ್ಮನ್ನು ಮೈಸೂರಿಗೆ ಕರೆದೊಯ್ದ. ಉರಿಬಿಸಿಲಲ್ಲೂ ಅಜ್ಜ ಹೆಗಲ ಕಂಬಳಿ ಇಳಿಸಲಿಲ್ಲ. ಅರಮನೆಯ ಚಾವಣಿ ತೋರಿಸಿದರೆ ನೆಲ ನೋಡಿದ. ಯೂನಿವರ್ಸಿಟಿಯ ಮುಂದೆ ಅಪ್ಪ ನನ್ನ ಬೆನ್ನು ತಟ್ಟಿ, “ಇವ ಮುಂದ ಇಲ್ಲೇ ಓದ್ತಾನ” ಅಂದಾಗ ಆಕಳಿಸಿದ. ಮೃಗಾಲಯದಲ್ಲಿ ಮಾತ್ರ ಜಿಂಕೆಗಳ ಬೇಲಿ ಹಿಡಿದು ನಿಂತವನು ಅಲ್ಲಾಡಲಿಲ್ಲ.

“ಸಾಕು ನಡಿ ಯಪ್ಪಾ! ಜಿಂಕಿ ನೋಡಾಕ ಇಷ್ಟು ದೂರ ಬರಬೇಕಿತ್ತೇನು?” ಅಪ್ಪ ರೇಗಿದ.

“ಗೇಟ್ ಹಾಕ್ತಾರ ಅಜ್ಜಾ, ನಾನು ಜಿರಾಫಿ ನೋಡಬೇಕು!” ನಾನು ಕಂಬಳಿ ಹಿಡಿದು ಜಗ್ಗಿದೆ. ಆ ಒರಟು ಉಣ್ಣೆ ಅಂಗೈ ಚುಚ್ಚಿತು.

ಅಜ್ಜ ಕತ್ತು ಚಾಚಿ, ಹಿಂಡು ಕರೆಯುವಂತೆ “ಹುರ್ರ್ಯೋ!” ಎಂದು ಕೂಗಿದ. ಸುತ್ತಲಿನ ಜನ ತಿರುಗಿ ನೋಡಿದರು. ಅಪ್ಪ ಹಣೆ ಚಚ್ಚಿಕೊಂಡ. ಬೇಲಿಯಾಚೆ ಮೇಯುತ್ತಿದ್ದ ಜಿಂಕೆಗಳೆಲ್ಲ ಒಟ್ಟಿಗೇ ತಲೆ ಎತ್ತಿದವು.

ಅಜ್ಜ ಕಂಬಳಿ ಇಳಿಸಿ, ನೆಲಕ್ಕೆ ಹಾಸಿ ಕೂತ.

“ನೀವು ಹೋಗಿ ನೋಡ್ಕೊಂಡು ಬರ್ರಿ. ಇವನ್ನ ನಾ ಕಾಯ್ತಿರ್ತೀನಿ.”