ಹೆಸರು ಹೇಳಿಸಿದ ಸಭೆ

"ಪೈ ಮುಗಿದಿದೆ," ಎಂದಳು ಹಿಲ್ಡಾ ಆರ್ಮರಾಡ್. ಅವಳ ಬೆನ್ನ ಹಿಂದೆ, ಆಗಷ್ಟೇ ಒಲೆಯಿಂದ ಇಳಿದ ಮಾಂಸದ ಪೈಗಳು ಹಬೆಯಾಡುತ್ತಿದ್ದವು.

ಜೆರಲ್ಡ್ ಫೇರ್‌ಕ್ಲಫ್ ತಟ್ಟೆಯನ್ನು ನೋಡಿದರು, ಅವಳ ಮುಖವನ್ನು ನೋಡಿದರು, ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಕ್ರಾಗ್‌ಡೇಲ್ ಟೌನ್ ಫುಟ್‌ಬಾಲ್ ಕ್ಲಬ್ಬಿನ ಮಾಲೀಕರು ಅವರು. ಹಣಕಾಸಿನ ನಿಯಮ ಮುರಿದಿದ್ದಕ್ಕೆ ಲೀಗಿನವರು ಆ ವಾರವಷ್ಟೇ ಕ್ಲಬ್ಬಿನ ಆರು ಅಂಕ ಕಿತ್ತುಕೊಂಡಿದ್ದರು. ಆಟಗಾರನೊಬ್ಬನಿಗೆ ಲೆಕ್ಕದಲ್ಲಿ ತೋರಿಸದೆ ಏನೋ ಸಲ್ಲುತ್ತಿದೆ, ಅದನ್ನೂ ಸೇರಿಸಿದರೆ ಸಂಬಳದ ಮಿತಿ ಮೀರುತ್ತದೆ ಎಂಬುದು ಆರೋಪ. ಆ ಅಂಕ ವಾಪಸು ಬರದಿದ್ದರೆ ತಂಡ ಕೆಳಗಿನ ದರ್ಜೆಗೆ ಬಿತ್ತೆಂದೇ ಲೆಕ್ಕ. ನೂಲಿನ ಗಿರಣಿಗಳೆಲ್ಲ ಮುಚ್ಚಿದ ಮೇಲೆ ಆ ಊರಿಗೆ ಉಳಿದಿದ್ದು ಶನಿವಾರದ ಆಟವೊಂದೇ.

"ಫೆರ್ಗಲ್ ಹೇಗಿದಾನೆ?" ಫೇರ್‌ಕ್ಲಫ್ ಕೇಳಿದರು.

ಫೆರ್ಗಲ್ ಐರ್ಲೆಂಡಿನಿಂದ ಬಂದ ಹುಡುಗ, ತಂಡಕ್ಕೆ ಗೋಲು ಹೊಡೆಯುವವನು. ಹಿಲ್ಡಾಳ ಅಂಗಡಿಯ ಮಾಳಿಗೆಯಲ್ಲಿ ಇದ್ದ.

"ನೀವು ಕೊಡೋ ಸಂಬಳದಲ್ಲಿ ಗುಬ್ಬಚ್ಚಿನೂ ಬದುಕಲ್ಲ. ನಾನು ನೋಡ್ಕೋತಿರೋದಕ್ಕೆ ಹೇಗೋ ಇದಾನೆ."

ಫೇರ್‌ಕ್ಲಫ್ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಈ ಮಾತು ಇನ್ಯಾರ ಹತ್ರಾನೂ ಆಡ್ಬೇಡಿ ಹಿಲ್ಡಾ."

"ಯಾಕೆ, ನಾಚಿಕೆಯಾಗತ್ತಾ? ಊರಿಗೆಲ್ಲಾ ಹೇಳ್ತೀನಿ!"

ಅವರು ಟೋಪಿ ಹಾಕಿಕೊಂಡು ಹೊರಟರು. ಹಿಲ್ಡಾಳಿಗೆ ಆ ಮಟ್ಟಿಗೆ ಹಗುರಾಯಿತು. ನಲವತ್ತು ವರ್ಷದಿಂದ ಮೈದಾನಕ್ಕೆ ಪೈ ಹೊತ್ತವಳು ಅವಳು. ಅದಕ್ಕೆಂದೇ ಕ್ಲಬ್ಬಿನವರು ಅವಳನ್ನು ಗೌರವ ಉಪಾಧ್ಯಕ್ಷೆ ಮಾಡಿದ್ದರು. ಗಂಡ ತೀರಿಕೊಂಡಾಗಲೂ ಆ ಶನಿವಾರ ಅವಳು ತನ್ನ ಜಾಗದಲ್ಲಿ ಕೂತಿದ್ದಳು. ಮನೆಯಲ್ಲಿದ್ದಿದ್ದರೆ ಹುಚ್ಚು ಹಿಡಿಯುತ್ತಿತ್ತು ಎಂದು ಆಮೇಲೆ ಹೇಳಿಕೊಂಡಿದ್ದಳು.

ಅಭಿಮಾನಿಗಳ ಸಭೆಗೆ ಚರ್ಚಿನ ಸಭಾಂಗಣ ಸಾಲಲಿಲ್ಲ. ಫೇರ್‌ಕ್ಲಫ್ ಎದ್ದು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

"ಆ ಆಟಗಾರನಿಗೆ ಕೊಟ್ಟವರು ನಮ್ಮ ಕ್ಲಬ್ಬಲ್ಲಿ ಹುದ್ದೆ ಇರೋರು. ಹೊರಗಿನವರು ಕೊಟ್ಟಿದ್ರೆ ಲೀಗು ತಲೆ ಕೆಡಿಸ್ಕೊಳ್ತಿರ್ಲಿಲ್ಲ. ಅವರ ಹೆಸರು ಹೇಳಿ, ಅವರನ್ನ ಕ್ಲಬ್ಬಿಂದ ದೂರ ಇಟ್ರೆ ಅಂಕ ವಾಪಸು ಕೊಡ್ತಾರಂತೆ."

"ಹಾಗಾದ್ರೆ ಹೇಳ್ರೀ!" ಹಿಂದಿನಿಂದ ಯಾರೋ ಕೂಗಿದರು.

"ನಾನು ಹೇಳಲ್ಲ. ಕೆಳಗಿಳಿದ್ರೆ ಮತ್ತೆ ಹತ್ತಿ ಬರಬಹುದು."

ಸಭೆ ಭುಗಿಲೆದ್ದಿತು. ಎಲ್ಲರ ಕಣ್ಣೂ ಮೊದಲ ಸಾಲಿಗೆ ಹೊರಳಿತು. ಅಲ್ಲಿ ಕ್ಲಬ್ಬಿನ ನಿರ್ದೇಶಕ ಡೆಸ್ಮಂಡ್ ಕೂತಿದ್ದ. ಫೇರ್‌ಕ್ಲಫ್ ಹೆಂಡತಿಯ ತಮ್ಮ. ಕಾರು ಮಾರುವವನು. ಗೋಲ್‌ಕೀಪರ್ ಆ ಚಳಿಗಾಲದಲ್ಲಿ ಹೊಸ ಕಾರಿನಲ್ಲಿ ಓಡಾಡುತ್ತಿದ್ದುದನ್ನು ಇಡೀ ಊರೇ ನೋಡಿತ್ತು.

"ಕಾರಿಗೆ ಕಂತು ಕಟ್ತಿದಾನಪ್ಪಾ! ಬೇಕಾದ್ರೆ ರಸೀದಿ ತೋರಿಸ್ತೀನಿ!" ಡೆಸ್ಮಂಡ್ ಬೆವರುತ್ತಾ ಕೂಗಿದ.

"ರಸೀದಿ ಮಾಡ್ಸೋಕೆ ಎಷ್ಟೊತ್ತು ಬೇಕು!" ಗೇಟು ಕಾಯುವ ನಾರ್ಮನ್ ಅಂದ. ನಗೆ ಎದ್ದಿತು. ಕಹಿ ನಗೆ.

ಹಿಲ್ಡಾ ಎದ್ದಳು. ಸದ್ದು ಅಡಗಿತು.

"ನಾನು ಓದಿದೋಳಲ್ಲ. ಒಂದೇ ಮಾತು. ಮನೆಗೆ ಕನ್ನ ಹಾಕಿದೋನು ಮನೆಯವನೇ ಆದ್ರೂ ಕಳ್ಳನೇ. ಆ ಹೆಸರು ಹೊರಗೆ ಬರ್ಲಿ. ಅದು ಯಾರೇ ಆಗಿರ್ಲಿ, ಜೀವ ಇರೋವರೆಗೂ ಮೈದಾನಕ್ಕೆ ಕಾಲಿಡ್ಬಾರ್ದು. ಆಮೇಲೆ ದಯೆ ಗಿಯೆ ಅಂತ ಯಾರೂ ಬರ್ಬಾರ್ದು. ಇದನ್ನ ಠರಾವು ಮಾಡಿ."

ಚಪ್ಪಾಳೆಗೆ ಕಿಟಕಿಯ ಗಾಜು ಅದುರಿತು. ಫೇರ್‌ಕ್ಲಫ್ ಮೇಜು ದಾಟಿ ಅವಳ ಹತ್ತಿರ ಬಂದರು.

"ಹಿಲ್ಡಾ, ಮಾತು ವಾಪಸು ತಗೊಳ್ಳಿ. ಕೈ ಮುಗೀತೀನಿ."

"ನನಗ್ಯಾಕೆ ಮುಗೀತೀರಿ? ನಿಮ್ಮ ಭಾವಮೈದುನನಿಗೆ ಹೇಳಿ, ಬೇರೆ ಊರು ನೋಡ್ಕೊಳ್ಲಿ."

"ನಾಳೆ ನಿಮಗೆ ಬೇಜಾರಾಗತ್ತೆ."

"ನನಗಾ?" ಹಿಲ್ಡಾ ಸಭೆಗೆಲ್ಲ ಕೇಳುವಂತೆ ನಕ್ಕಳು. "ಆ ಮುಖ ಗೇಟಿನಾಚೆ ನಿಂತಿರೋದನ್ನ ನೋಡೋಕೆ ನಾನು ಬೇಗನೇ ಬಂದು ಕಾಯ್ತೀನಿ."

ಎಲ್ಲರ ಕೈ ಮೇಲೆದ್ದಿತು, ಡೆಸ್ಮಂಡ್‌ನದೂ. ಅದೊಂದು ಹಿಲ್ಡಾಳಿಗೆ ವಿಚಿತ್ರವೆನಿಸಿತು. ಭಂಡತನ ಎಂದುಕೊಂಡಳು. ಫೇರ್‌ಕ್ಲಫ್ ಮಾತ್ರ ಕೈ ಎತ್ತದೆ, ಹತ್ತು ವರ್ಷ ಹೆಚ್ಚು ವಯಸ್ಸಾದವರಂತೆ ಕುರ್ಚಿಗೆ ಒರಗಿದರು.

ಶನಿವಾರ ಬೆಳಿಗ್ಗೆ ರೇಡಿಯೋದಲ್ಲಿ ಸುದ್ದಿ ಬಂತು: ಆರೂ ಅಂಕ ವಾಪಸು. ಕ್ಲಬ್ಬಿನವರು ಹೆಸರು ಕೊಟ್ಟಿದ್ದಾರೆ ಎಂದಷ್ಟೇ ಹೇಳಿದರು, ಯಾರದೆಂದು ಹೇಳಲಿಲ್ಲ. ಬೀದಿಯಲ್ಲಿ ಗಂಡಸರು ತಬ್ಬಿಕೊಂಡು ಅತ್ತರು. ಫೆರ್ಗಲ್ ಮಾತ್ರ ತಿಂಡಿ ಮುಟ್ಟದೆ, ಅವಳ ಕಣ್ಣು ತಪ್ಪಿಸಿ, ಬೂಟು ಹೆಗಲಿಗೆ ಹಾಕಿಕೊಂಡು ಹೊರಟ. ಆಟದ ದಿಗಿಲು ಎಂದುಕೊಂಡಳು ಹಿಲ್ಡಾ. ಮಾಲೀಕರಿಗೆಂದು ಒಂದು ಪೈ ಬೇರೆಯಾಗಿ ಕಟ್ಟಿದಳು. ಗೆದ್ದ ಮೇಲೆ ಜಗಳ ಯಾಕೆ?

ಮೈದಾನದ ಗೇಟಿನಲ್ಲಿ ನಾರ್ಮನ್ ನಿಂತಿದ್ದ. ತಟ್ಟೆಗಳನ್ನು ಅವಳ ಕೈಯಿಂದ ಇಳಿಸಿಕೊಂಡು ಒಳಗಿನ ಕಟ್ಟೆಯ ಮೇಲಿಟ್ಟ. ಮತ್ತೆ ಬಂದು ದಾರಿಗೆ ಅಡ್ಡ ನಿಂತ.

"ಸರಿ ಕಣಪ್ಪಾ, ದಾರಿ ಬಿಡು. ಡೆಸ್ಮಂಡ್ ಎಲ್ಲಿ? ಇನ್ನೂ ಬಂದಿಲ್ವಾ?"

"ಒಳಗಿದಾನೆ."

"ಒಳಗಾ? ಅವನನ್ನ ಹೇಗೆ ಬಿಟ್ಟೆ?"

ನಾರ್ಮನ್ ನೆಲ ನೋಡಿದ.

"ಆ ಆಟಗಾರ ಫೆರ್ಗಲ್ ಅಂತೆ ಹಿಲ್ಡಮ್ಮಾ. ನೀವು ಬಿಟ್ಟಿ ಕೊಟ್ಟ ರೂಮು, ಊಟ ಎಲ್ಲಾನೂ ಸಂಬಳದ ಲೆಕ್ಕಕ್ಕೇ ಬರತ್ತಂತೆ. ಗೌರವ ಉಪಾಧ್ಯಕ್ಷೆ ಅನ್ನೋದೂ ಹುದ್ದೆಯೇ ಅಂತೆ."