ಹನ್ನೊಂದೂವರೆಯ ಗಂಟೆ

ಗಂಟೆ ಹೊಡೆಯಿತು. ಪರೀಕ್ಷಾ ಕೋಣೆಯಲ್ಲಿದ್ದವರೆಲ್ಲ ಚೇಳು ಕಡಿದವರಂತೆ ಬೆಚ್ಚಿದರು. ಎಲ್ವಿನ್ ಮಾತ್ರ ನಕ್ಕ.

ಪಕ್ಕದ ಬೆಂಚಿನ ದಪ್ಪ ಮೀಸೆಯವನು ಬೆವರು ಒರೆಸಿಕೊಳ್ಳಲೂ ಪುರುಸೊತ್ತಿಲ್ಲದೆ ಗೀಚತೊಡಗಿದ. ಮುಂದಿದ್ದ ಹುಡುಗಿ ಅರ್ಧ ಉತ್ತರಕ್ಕೇ ಕೈಬಿಟ್ಟು ಪುಟ ತಿರುವಿದಳು. ಗದಗ, ಹಾವೇರಿ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದಿಳಿದವರು. ಹುಬ್ಬಳ್ಳಿಯ ಈ ಮಿಶನ್ ಶಾಲೆಯ ಗುಟ್ಟು ಅವರಿಗೇನು ಗೊತ್ತು?

ಇಲ್ಲಿ ಶಾಲೆಗೂ ಚರ್ಚಿಗೂ ಒಂದೇ ಆವರಣ, ಒಂದೇ ಗೋಪುರ, ಒಂದೇ ಗಂಟೆ. ಇವತ್ತಿನಂತೆ ಪ್ರತಿ ಭಾನುವಾರ ಹನ್ನೊಂದೂವರೆಗೆ ಅದು ಆರಾಧನೆಗೆ ಕರೆಯುತ್ತದೆ. ಎಲ್ವಿನ್ ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ ಗಂಟೆ. ಪರೀಕ್ಷೆಯ ಎಚ್ಚರಿಕೆ ಗಂಟೆ ಹನ್ನೆರಡೂವರೆಗೆ, ಮುಗಿಯಲು ಅರ್ಧ ತಾಸು ಇರುವಾಗ. ಕೈಗಡಿಯಾರಗಳನ್ನು ಗೇಟಿನಲ್ಲೇ ಬಿಚ್ಚಿಸಿದ್ದರು. ಗೋಡೆಯ ಗಡಿಯಾರ ಎಂದೋ ಕೆಟ್ಟು ನಿಂತಿತ್ತು. ಚರ್ಚಿನ ಗಂಟೆಗೇ ಬೆದರಿದ ಕುರಿಮಂದೆ! ಇವರು ನಾಳೆ ತಾಲೂಕು ಆಳುವವರಂತೆ.

ಎಲ್ವಿನ್ ಸಪ್ತಾಪುರದ ಕೋಚಿಂಗ್ ಕ್ಲಾಸಿನಲ್ಲಿ ಉತ್ತರ ಬರೆಯುವುದನ್ನೇ ಕಲಿಸುವವನು. "ಹತ್ತು ಸಾಲು ಕೇಳಿದ್ರ ಹತ್ತು ಸಾಲು. ಹನ್ನೊಂದನೇ ಸಾಲು ಬರದವ ದಡ್ಡ" ಎಂದು ಹುಡುಗರನ್ನು ಹೀಯಾಳಿಸುತ್ತಿದ್ದ. ಅವನಿಂದ ಬೈಸಿಕೊಂಡವರು ಅಧಿಕಾರಿಗಳಾಗಿ ಜೀಪು ಹತ್ತಿದ್ದರು. ಅವನು ಮಾತ್ರ ಪ್ರತಿ ಸಲ ಅಂಚಿಗೆ ಬಂದು ಬಿದ್ದಿದ್ದ. ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತದೆ. ಇದೇ ಕೊನೆಯ ಅವಕಾಶ.

ಬೆಳಿಗ್ಗೆ ಬೆಂಗೇರಿಯ ಮನೆಯಲ್ಲಿ ತಾಯಿ ರೂತ್ ಉಪ್ಪಿಟ್ಟು ಬಡಿಸುತ್ತ ಮಾತು ತೆಗೆದಿದ್ದಳು.

"ಹೋದ ಐತಾರ ನೀ ಚರ್ಚಿಗೆ ಬರಲಿಲ್ಲ. ಟೈಟಸ್ ಅಂಕಲ್ ಪ್ರಕಟಣೆ ಓದಿದ್ರು. ಏನಾತಂದ್ರ, ಮೊದಲ ನಾ ಪಾಸ್ಟರ್ ಹಂತ್ಯಾಕ ಹೋಗಿದ್ದೆ, ಆಮ್ಯಾಲೆ ಕಮಿಟಿಯವರು ಕೂಡಿ..."

"ಅವ್ವಾ, ಒಂದು ಸಾಲಿನ್ಯಾಗ ಹೇಳು."

"ಹೇಳಾಕತ್ತೇನಲ್ಲೋ. ನಿನ್ನ ಪರೀಕ್ಷಾ ಐತಿ ಅಂತ..."

"ಪ್ರಾರ್ಥನಾ ಮಾಡಿದ್ರು. ತಿಳೀತು, ಸಾಕು."

ಸಭಾ ಹಿರಿಯ ಟೈಟಸ್ಸರ ಪ್ರಕಟಣೆಯೆಂದರೆ ಅವನಿಗೆ ಮೈಯುರಿ. ಯಾರೋ ಮರೆತುಹೋದ ಕೊಡೆಯಿಂದ ಶುರುವಾದರೆ ಹನುಮಂತನ ಬಾಲ. ಅದರ ಸಾರಾಂಶ ಹೇಳಲು ಹೊರಟ ಅವ್ವನದು ಇನ್ನೂ ಉದ್ದ. ಅವನು ಅರ್ಧ ತಟ್ಟೆ ಬಿಟ್ಟು ಎದ್ದಿದ್ದ.

ಈಗ ಎಲ್ವಿನ್ ಪೆನ್ನು ಕೆಳಗಿಟ್ಟು ನೀರು ಕುಡಿದ. ಅವನ ಯೋಜನೆಯಂತೆ ಎಚ್ಚರಿಕೆ ಗಂಟೆಯ ಹೊತ್ತಿಗೆ ಎರಡು ದೊಡ್ಡ ಪ್ರಶ್ನೆ ಉಳಿಯಬೇಕಿತ್ತು. ಈಗಲೇ ಎರಡೇ ಉಳಿದಿದ್ದವು. ಒಂದು ತಾಸು ಮುಂದೆ! ತನ್ನ ವೇಗಕ್ಕೆ ತಾನೇ ತಲೆದೂಗಿದ.

ಸಮಯವಿದೆಯೆಂದು ಹಳೆಯ ಉತ್ತರಗಳನ್ನೆಲ್ಲ ಓದಿ, ಮುಖ್ಯ ಪದಗಳಿಗೆ ಅಡಿಗೆರೆ ಎಳೆದ.

"ಲಗೂ ಬರೀರಿ, ಲಗೂ" ಎನ್ನುತ್ತ ಮೇಲ್ವಿಚಾರಕಿ ಬಂದಳು. ಗೋಕುಲ ರಸ್ತೆಯ ಯಾವುದೋ ಕಾಲೇಜಿನವಳು. ಇವಳೂ ಮೋಸಹೋಗಿದ್ದಾಳೆ.

"ಗಡಿಬಿಡಿ ಯಾಕ್ರಿ ಮೇಡಂ?"

ಅವಳು ಖಾಲಿ ಪುಟಗಳನ್ನು ನೋಡಿದಳು. "ನಿಮ್ಮ ಧೈರ್ಯಕ್ಕ ಮೆಚ್ಚಬೇಕು ಬಿಡ್ರಿ."

ಎಲ್ವಿನ್ ಹೆಮ್ಮೆಯಿಂದ ಕತ್ತು ನೀವಿಕೊಂಡು ಮೊದಲ ದೊಡ್ಡ ಪ್ರಶ್ನೆಗೆ ಕೈಹಾಕಿದ. ಪೀಠಿಕೆ ಮುಗಿಸಿ, ಮಲಪ್ರಭೆಯ ನಕ್ಷೆಯನ್ನು ನಿಧಾನವಾಗಿ ಬಿಡಿಸುತ್ತಿದ್ದ. ಮತ್ತೆ ಗಂಟೆ ಹೊಡೆಯಿತು.

ಆಗಲೇ ಎಚ್ಚರಿಕೆ ಗಂಟೆಯೇ ಎಂದು ತಲೆಯೆತ್ತಿದ. ದಪ್ಪ ಮೀಸೆಯವನು ಪೆನ್ನಿನ ಮುಚ್ಚಳ ಹಾಕುತ್ತಿದ್ದ. ಮೇಲ್ವಿಚಾರಕಿ ಎಲ್ವಿನ್‌ನ ಉತ್ತರಪತ್ರಿಕೆಗೆ ಕೈಹಾಕಿದಳು.

"ಏ, ಇನ್ನೂ ಅರ್ಧ ತಾಸು ಐತ್ರಿ!"

"ಒಂದು ಹೊಡೀತ್ರಿ ಸರ. ಬಿಡ್ರಿ ಕೈ."

ಅವನು ಹೊರಗೆ ಬಂದಾಗ ಆರಾಧನೆ ಮುಗಿದಿತ್ತು. ಚರ್ಚಿನ ಮೆಟ್ಟಿಲ ಮೇಲೆ ರೂತ್ ಮುಖ ಅರಳಿಸಿಕೊಂಡು ಕಾಯುತ್ತಿದ್ದಳು.

"ಅವ್ವಾ, ಹನ್ನೊಂದೂವರಿಗೆ ಗಂಟಿ ಹೊಡೀಲಿಲ್ಲೇನು?"

"ಅದನ್ನ ಮುಂಜಾನೆ ಹೇಳಾಕ ಬಂದಿದ್ನೋ," ರೂತ್ ಅವನ ಬೆನ್ನು ಸವರಿದಳು, "ನನ್ನ ಮಗಾ ಬರಿಯುವಾಗ ಗಡಿಬಿಡಿ ಆಗಬಾರದು, ಇವತ್ತೊಂದಿನ ಹೊಡೀಬ್ಯಾಡ್ರಿ ಅಂತ ಪಾಸ್ಟರ್‌ಗೆ ನಾನ ಕೈಮುಗಿದು ಕೇಳಿಕೊಂಡಿದ್ದೆ."