ಕತ್ತರಿ ಹಿಡಿದ ಕೈ

"ಇವಳು ಬಲಗೈಲಿ ಕತ್ತರಿ ಹಿಡಿದಿದ್ದು ಯಾವಾಗ?"

ಟೈಲರ್ ಮಾಸ್ಟ್ರು ಕೇಳಿದ್ದು ಯಾರನ್ನೂ ಅಲ್ಲ, ಗೋಡೆಯನ್ನು. ಗೋಡೆಯ ಮೇಲಿನ ಅಚ್ಚುಚಿತ್ರದಲ್ಲಿ ಹೋದ ವರ್ಷ ತೀರಿಕೊಂಡ ಅವರ ಹೆಂಡತಿ ಕುಳಿತಿದ್ದಳು. ಅಂಗಡಿಯ ಅದೇ ಕಿಟಕಿ, ಅದೇ ಸ್ಟೂಲು, ತುಟಿಯ ನಡುವೆ ಗುಂಡುಸೂಜಿ, ಮೇಜಿನ ತುಂಬ ಹರಡಿದ ಬಟ್ಟೆ, ಬಟ್ಟೆಯ ಮೇಲೆ ಬಾಯಿ ತೆರೆದ ಕತ್ತರಿ. ಎಲ್ಲ ಸರಿ. ಕೈಯೊಂದು ಸರಿಯಿಲ್ಲ.

ರಜೆಯ ವಾರವೆಂದು ಬೀದಿಯ ಕಲಾವಿದರೆಲ್ಲ ತಂತಮ್ಮ ಕೆಲಸದ ಕೋಣೆಗಳನ್ನು ಊರವರಿಗೆ ತೆರೆದಿಟ್ಟಿದ್ದರು; ಮೆಟ್ಟಿಲುಗಳ ಮೇಲೆಲ್ಲ ಕಾಗದದ ಬಾಣಗುರುತು. ಅಂಗಡಿಯ ಎದುರು ಮಹಡಿಯೇ ಆದರೂ ಮಾಸ್ಟ್ರು ಈ ಕೋಣೆಗೆ ಕಾಲಿಟ್ಟವರಲ್ಲ. ಅತ್ತೆಯ ಚಿತ್ರ ಹಾಕಿದ್ದಾರಂತೆ ಎಂದು ಸೊಸೆಯೇ ಎಳೆದು ತಂದಿದ್ದಳು. ಬಾ ಎಂದರೆ ಬರುವುದು, ಕೊಡು ಎಂದರೆ ಕೊಡುವುದು ಮಾಸ್ಟ್ರ ಸ್ವಭಾವ. ನಮ್ಮ ಮಾವನ ಬಾಯಲ್ಲಿ 'ಆಗಲ್ಲ' ಅನ್ನೋ ಮಾತೇ ಹುಟ್ಟಿಲ್ಲ, ಅದಕ್ಕೇ ಮನೇಲಿ ಕೂರೋಕೆ ಜಾಗ ಇಲ್ಲ, ಎಲ್ಲ ಕುರ್ಚಿ ಮೇಲೂ ಯಾರದೋ ಹರಿದ ಪ್ಯಾಂಟು ಕೂತಿರುತ್ತೆ ಎಂದು ಸೊಸೆ ಬಂದವರಿಗೆಲ್ಲ ಹೇಳಿ ನಗಿಸುವುದಿತ್ತು.

"ಬಿಡಿ ಮಾವ, ಮುಖ ಅತ್ತೆಯದೇ ಇದೆಯಲ್ಲ," ಎಂದಳು ಈಗ. "ಯಾವ ಕೈ ಆದ್ರೇನು?"

ಆ ಕೈಗಾಗಿ ಮಾಸ್ಟ್ರ ಹೆಂಡತಿ ಬೈಸಿಕೊಂಡದ್ದು ಒಂದೆರಡು ಸಲವಲ್ಲ. ಮದುವೆಯಾಗಿ ಬಂದ ಹೊಸದರಲ್ಲೇ ಮಾಸ್ಟ್ರ ತಾಯಿ ಅವಳಿಗೆ ಎಡಚಿ ಎಂದು ಹೆಸರಿಟ್ಟಿದ್ದರು. ಎಡಗೈಯಲ್ಲಿ ಕತ್ತರಿಸಿದ ಬಟ್ಟೆ ಯಾರ ಮೈಗೆ ಒಳ್ಳೆಯದಾದೀತು ಎಂದು ದಿನವೂ ಒಂದು ಪಾಠ. ಅವಳು ಕತ್ತರಿ ನಿಲ್ಲಿಸದೆ, "ದೇವರು ಕೊಟ್ಟ ಕೈ ಅತ್ತೆ, ಕೇಳೋದಿದ್ರೆ ಅವನನ್ನೇ ಕೇಳಿ," ಎನ್ನುತ್ತಿದ್ದಳು. ಹಾಗೆಂದು ಒಮ್ಮೆ ಗಂಡನ ಕಡೆ ನೋಡುತ್ತಿದ್ದಳು. ಮಾಸ್ಟ್ರು ಮಿಷನ್ನಿನ ಪೆಡಲನ್ನು ಇನ್ನಷ್ಟು ಜೋರಾಗಿ ತುಳಿಯುತ್ತಿದ್ದರು.

ಬೀದಿಯವರು ಅಚ್ಚಿನಮ್ಮ ಎಂದು ಕರೆಯುವ ಆ ಕೋಣೆಯ ಒಡತಿ ಕೈಯ ಮಸಿ ಒರೆಸಿಕೊಳ್ಳುತ್ತ ಬಂದಳು. ವಿಷಯ ಕೇಳಿ ಅವಳ ಮುಖ ಸಣ್ಣದಾಯಿತು. ಕಿಟಕಿಯಿಂದ ಕಂಡ ಹಾಗೇ ಮರದ ಹಲಗೆಯಲ್ಲಿ ಕೆತ್ತಿದ್ದಳಂತೆ. ಕಾಗದಕ್ಕೆ ಒತ್ತಿದಾಗ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಅಕ್ಷರವಾಗಿದ್ದರೆ ತಿರುವಿ ಕೆತ್ತುತ್ತಿದ್ದಳು. ಮನುಷ್ಯರನ್ನು ಯಾರು ತಿರುವುತ್ತಾರೆ ಎಂದು ಹಾಗೇ ಬಿಟ್ಟಿದ್ದಳು.

"ನಮ್ಮಮ್ಮ ಬೈದೂ ಬೈದೂ ಮಾಡಿಸೋಕಾಗದ್ದನ್ನ ನೀನು ಒಂದೇ ಸಲಕ್ಕೆ ಮಾಡಿಬಿಟ್ಟೆ ಕಣಮ್ಮ," ಎಂದರು ಮಾಸ್ಟ್ರು. ನಗಲಿಲ್ಲ.

ಅಚ್ಚಿನಮ್ಮ ಅವರನ್ನು ಕೂರಿಸಿ, ಒಳಗಿನ ಮೇಜಿನಿಂದ ಆ ಹಲಗೆಯನ್ನೇ ತಂದು ತೊಡೆಯ ಮೇಲಿಟ್ಟಳು. ಮಸಿ ಕುಡಿದು ಕುಡಿದು ಕಪ್ಪಾದ ಮರ. ಬೆಳಕಿಗೆ ಓರೆ ಮಾಡಿ ಹಿಡಿದಾಗ ಮೆಲ್ಲಗೆ ಕಿಟಕಿ ಕಂಡಿತು, ಸ್ಟೂಲು ಕಂಡಿತು, ಅವಳು ಕಂಡಳು. ಕತ್ತರಿ ಎಡಗೈಯಲ್ಲಿತ್ತು. ಬಟ್ಟೆಯ ನೇಯ್ಗೆ ನೋಡುವವರಂತೆ ಮಾಸ್ಟ್ರು ಹೆಬ್ಬೆರಳಿನಿಂದ ಆ ಕೈಯನ್ನು ಸವರಿದರು. ಇದನ್ನು ನನಗೆ ಕೊಡುತ್ತೀಯಾ ಎಂದು ಕೇಳಿದರು. ಧಾರಾಳವಾಗಿ ಕೊಡುತ್ತೇನೆ, ಆದರೆ ಸಂಜೆ, ಎಂದಳು ಅಚ್ಚಿನಮ್ಮ. ಹತ್ತೇ ಪ್ರತಿ ಎಂದು ಮಾತು ಕೊಟ್ಟು ಮಾರಿದ್ದಾಳೆ. ಇನ್ನೊಂದು ಎಂದೂ ಹುಟ್ಟದ ಹಾಗೆ, ಕೊಂಡವರ ಎದುರಿಗೇ ಹಲಗೆಗೆ ಅಡ್ಡಲಾಗಿ ಉಳಿಯಿಂದ ಒಂದು ಗೀರು ಹಾಕಬೇಕು. ಈ ಕೆಲಸದವರ ಪದ್ಧತಿ ಅದು. ಆಮೇಲೆ ಹಲಗೆ ಮಾಸ್ಟ್ರದೇ. ಮಾಸ್ಟ್ರು ಎಂದಿನಂತೆ ತಲೆಯಾಡಿಸಿದರು. ಊಟಕ್ಕೆ ಹೋಗಿ ಬರೋಣ ಎಂದು ಸೊಸೆ ಕರೆದರೆ ಮಾತ್ರ ಏಳಲಿಲ್ಲ.

ಸಂಜೆ ಚಿತ್ರ ಕೊಂಡವರು ಸುತ್ತ ನೆರೆದರು. ಉಳಿ ಹಿಡಿದು ಬಂದ ಅಚ್ಚಿನಮ್ಮನನ್ನು ಮಾಸ್ಟ್ರು, ಗೀರು ಎಲ್ಲಿಂದ ಎಲ್ಲಿಗೆ ಎಂದು ಕೇಳಿದರು. ಅವಳು ಗಾಳಿಯಲ್ಲೇ ಎಳೆದು ತೋರಿಸಿದಳು: ಕಿಟಕಿಯ ಮೂಲೆಯಿಂದ ಇಳಿದು, ಕೈಯನ್ನು ದಾಟಿ, ಕೆಳಗಿನ ಅಂಚಿನವರೆಗೆ. ಅಂಚಿನಲ್ಲೇ ಸಣ್ಣದೊಂದು ಹಾಕಿದರೆ ಸಾಲದೇ ಎಂದಳು ಸೊಸೆ. ಅಂಚನ್ನು ಕೊಯ್ದು ತೆಗೆದರೆ ಮತ್ತೆ ಒತ್ತಬಹುದಲ್ಲ ಎಂದರು ಕೊಂಡವರಲ್ಲೊಬ್ಬರು, ನಯವಾಗಿಯೇ.

"ಒಂದೇ ಗೀರು ಮಾಸ್ಟ್ರೇ," ಅಚ್ಚಿನಮ್ಮ ಕೈ ಚಾಚಿದಳು. "ಆದಷ್ಟು ತೆಳ್ಳಗೆ ಎಳೀತೀನಿ. ಕೊಡಿ."

"ಕೊಟ್ಬಿಡಿ ಮಾವ, ಎಲ್ರೂ ಕಾಯ್ತಿದ್ದಾರೆ," ಎಂದಳು ಸೊಸೆ.

ಪೆಡಲಿಲ್ಲದ ನೆಲವನ್ನು ಮಾಸ್ಟ್ರ ಪಾದ ಒಂದೆರಡು ಸಲ ತುಳಿಯಿತು. ಆಮೇಲೆ ನಿಂತಿತು. ಹಲಗೆಯನ್ನು ಎತ್ತಿ ಬಿಳಿ ಅಂಗಿಯ ಎದೆಗೆ ಒತ್ತಿ ಹಿಡಿದುಕೊಂಡರು.

"ಆಗಲ್ಲ," ಎಂದರು.